ಸೋಫಾ ಪಕ್ಕದ ಕಾಡುಮರ

ಕುಂಡದಲ್ಲಿಟ್ಟ ಫಿಡಲ್ ಲೀಫ್ ಫಿಗ್ ಗಿಡ ಎತ್ತರಕ್ಕೆ ಏಳುತ್ತಿಲ್ಲ ಎಂದು ದೂರುವವರು ಮೊದಲು ಅದರ ಕುಲಗೋತ್ರ ವಿಚಾರಿಸಬೇಕು. ನಮ್ಮ ಆಲ, ಅರಳಿ, ಅತ್ತಿಗಳ ಖಾಸಾ ದಾಯಾದಿ ಅದು. ಪಶ್ಚಿಮ ಆಫ್ರಿಕಾದ ಮಳೆಕಾಡಿನಲ್ಲಿ ಬೇರೆ ಮರದ ಹೆಗಲೇರಿ ಕೂತು, ಬೇರಿಳಿಸಿ, ಆಶ್ರಯ ಕೊಟ್ಟವನ ಕತ್ತನ್ನೇ ಹಿಸುಕಿ 12ರಿಂದ 15 ಮೀಟರ್ ಏರಬಲ್ಲ ಆಸಾಮಿ. ಅಂಥದ್ದನ್ನು ಟೀವಿಗೂ ಸೋಫಾಕ್ಕೂ ನಡುವಿನ ಮೂಲೆಯಲ್ಲಿ ನಿಲ್ಲಿಸಿ ‘ಯಾಕೋ ಮಂಕಾಗಿದೆ’ ಎಂದರೆ ಹೇಗೆ? ಬಯಲಿನ ಮಧ್ಯಾಹ್ನದ ಬೆಳಕು ಲಕ್ಷ ಲಕ್ಸ್ ಮುಟ್ಟುತ್ತದೆ. ಕೋಣೆಯ ಮೂಲೆಯಲ್ಲಿ ಕೆಲವು ನೂರಿದ್ದರೆ ಹೆಚ್ಚು. ನಮ್ಮ ಕಣ್ಣೇನೋ ಹೊಂದಿಕೊಳ್ಳುತ್ತದೆ, ಎಲೆಯ ಹೊಟ್ಟೆ ತುಂಬುವುದಿಲ್ಲ.

ಗೊಬ್ಬರ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಒಲೆ ಹಚ್ಚದೆ ಅಕ್ಕಿ ಸುರಿಯುತ್ತಾ ಹೋದರೆ ಅನ್ನವಾದೀತೇ? ಬಳಕೆಯಾಗದ ಲವಣ ಕುಂಡದಲ್ಲೇ ಉಳಿದು ಬೇರನ್ನು ಸುಡುತ್ತದೆ, ಅಷ್ಟೇ. ಸರಿ, ಬಿಸಿಲಿಗೇ ಇಡೋಣವೆಂದು ಏಕಾಏಕಿ ಟೆರೇಸಿಗೆ ಸಾಗಿಸಿದರೆ ಎಲೆ ತುಂಬ ಕಂದು ಮಚ್ಚೆ. ಕಿಟಕಿಯ ಪಕ್ಕಕ್ಕೆ ತಂದು, ವಾರಗಟ್ಟಲೆ ನಿಧಾನವಾಗಿ ಒಗ್ಗಿಸಬೇಕು. ಇನ್ನು ಕತ್ತರಿ ಶೂರರು. ತುದಿ ಚಿವುಟಿದರೆ ಗಿಡ ಚುರುಕಾಗುತ್ತದೆ ಎಂಬುದು ಅರ್ಧಸತ್ಯ: ತುದಿಮೊಗ್ಗಿನಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಗದರಿಸಿ ಕೂರಿಸಿರುತ್ತದೆ, ಚಿವುಟಿದರೆ ಅವು ಎದ್ದು ಗಿಡ ಅಗಲವಾದೀತು, ಎತ್ತರವಲ್ಲ. ಕೆಳಗಿನ ಎಲೆ ಕಿತ್ತು ಮರದ ಆಕಾರ ತರುವ ಆತುರವೂ ಬೇಡ. ಕಾಂಡ ದಪ್ಪಗಾಗುವುದರಲ್ಲಿ ಅವುಗಳ ದುಡಿಮೆಯೂ ಇದೆ. ಊರುಗೋಲಿಗೆ ಬಿಗಿದ ಕಾಂಡಕ್ಕಿಂತ ಗಾಳಿಗೆ ಅಲುಗಿದ್ದೇ ಗಟ್ಟಿ. ಮನೆಯೊಳಗೆ ಗಾಳಿಯೆಲ್ಲಿ? ದಿನಕ್ಕೊಮ್ಮೆ ನಾವೇ ಹಿಡಿದು ಮೆಲ್ಲಗೆ ಅಲುಗಿಸಬಹುದು, ನೆಂಟರಿಷ್ಟರು ಇಲ್ಲದ ಹೊತ್ತು ನೋಡಿಕೊಂಡು.