ಮೈದಾನದ ಆಚೆ ಈಚೆ

ಪುತ್ತೂರಿನಿಂದ ಬಂದ ದೊಡ್ಡಪ್ಪನಿಗೆ ಮುಂಬಯಿ ತೋರಿಸೋಣವೆಂದು ಚರ್ಚ್‌ಗೇಟಿನಲ್ಲಿ ಇಳಿಸಿ, ಓವಲ್ ಮೈದಾನದ ನಡುವೆ ತಂದು ನಿಲ್ಲಿಸಿದೆ. ಪೂರ್ವಕ್ಕೆ ಹೈಕೋರ್ಟು, 1878ರಲ್ಲಿ ಮುಗಿದ ರಾಜಾಬಾಯಿ ಗಡಿಯಾರ ಗೋಪುರ. ಚೂಪು ಕಮಾನು, ಶಿಖರಗಳ ಗಾಥಿಕ್ ಗಾಂಭೀರ್ಯ.

"ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ದುಡ್ಡು ಕೊಟ್ಟು ತಾಯಿಯ ಹೆಸರಿಡಿಸಿದ ಗೋಪುರ" ಎಂದೆ.

"ನೀನು ನಿನ್ನಮ್ಮನಿಗೆ ಒಂದು ಗೋಡೆ ಗಡಿಯಾರವಾದರೂ ಕೊಡಿಸಿದ್ದುಂಟಾ ಮಾರಾಯ?"

ನಾನು ಥಟ್ಟನೆ ಅವರನ್ನು ಪಶ್ಚಿಮಕ್ಕೆ ತಿರುಗಿಸಿದೆ. ಅಲ್ಲಿ 1930ರ ದಶಕದ ಆರ್ಟ್ ಡೆಕೊ ಸಾಲು. ಹಡಗಿನ ಡೆಕ್ಕಿನಂತೆ ಬಾಗಿದ ಬಾಲ್ಕನಿಗಳು. ಕಿಟಕಿಗಳ ಮೇಲೆ, ಬಿಸಿಲಿಗೆ ಹಣೆಗೆ ಕೈ ಹಿಡಿದಂಥ ಸಜ್ಜಾಗಳು.

"ಇದು ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ಜಾಗ" ಎಂದೆ.

"ಹಡಗಿನ ಹಾಗೆ ಕಟ್ಟಿದ್ದು ಒಳ್ಳೆಯದಾಯಿತು. ಸಮುದ್ರ ಜಾಗ ವಾಪಸ್ ಕೇಳಿದರೆ ತೇಲಬಹುದು!"

2018ರಲ್ಲಿ ಯುನೆಸ್ಕೊ ಈ ಎರಡೂ ಸಾಲುಗಳನ್ನು ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ಬೀಗಿದೆ. ದೊಡ್ಡಪ್ಪ ಮೈದಾನವನ್ನು ಉದ್ದಕ್ಕೂ ಅಳೆದು, ಹೈಕೋರ್ಟಿನತ್ತ ಬೆರಳು ತೋರಿಸಿ ತೀರ್ಪಿತ್ತರು: "ದಾಯಾದಿಗಳ ಮನೆ ನಡುವೆ ಇಷ್ಟು ಅಂಗಳ ಬಿಟ್ಟರೆ, ಆ ಕಟ್ಟಡಕ್ಕೆ ಕೆಲಸವೇ ಇರುವುದಿಲ್ಲ!"