ವುಡ್‌ಬಿ

ಕಳೆದ ಮಾಘದಲ್ಲಿ ಗೊರವನಹಳ್ಳಿ ಮಹಾಲಕ್ಷ್ಮಿಯ ಸನ್ನಿಧಿಯಲ್ಲಿ ನಮ್ಮಣ್ಣನ ಮಗಳ ನಿಶ್ಚಿತಾರ್ಥ. ತಾಂಬೂಲದ ತಟ್ಟೆ ಬದಲಾಯಿಸಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ, ಹುಡುಗಿ ಹುಡುಗನನ್ನು ಕರೆತಂದು ನಮ್ಮ ದೊಡ್ಡಮ್ಮನ ಮುಂದೆ ನಿಲ್ಲಿಸಿ, "ಅಜ್ಜಿ, ಇವರು ನನ್ನ ವುಡ್‌ಬಿ" ಅಂದಳು. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ, ಕಿವಿ ಮಂದ. "ಉಡುಪಿಯವರಾ? ಶಿರಾದವರು ಅಂದಿದ್ರಲ್ಲ ಕಣಮ್ಮಣ್ಣಿ!" ಎಂದು ಗಾಬರಿಯಾದರು. ಹುಡುಗ ಶಿರಾದವನೇ. ಆದರೆ ಮೊದಲ ಪಂಕ್ತಿ ಏಳುವಷ್ಟರಲ್ಲಿ ಅವನು ಉಡುಪಿಯವನಾಗಿದ್ದ. ಎರಡನೇ ಪಂಕ್ತಿಯವರು ಕೈ ತೊಳೆಯುವ ಹೊತ್ತಿಗೆ ಅವನಿಗೊಂದು ಹೋಟೆಲೂ ಇತ್ತು.

ಈ ಮಾತನ್ನು ಇಂಗ್ಲೆಂಡಿನವರು ಕೇಳಿದ್ದರೂ ದೊಡ್ಡಮ್ಮನಷ್ಟೇ ತಬ್ಬಿಬ್ಬಾಗುತ್ತಿದ್ದರು. ಅವರಲ್ಲಿ ವುಡ್‌ಬಿ ಸಾಮಾನ್ಯವಾಗಿ ವಿಶೇಷಣ. ಬೆನ್ನಿಗೊಂದು ನಾಮಪದ ಬೇಕು. ವುಡ್‌ಬಿ ಕವಿ, ವುಡ್‌ಬಿ ನಟ, ವುಡ್‌ಬಿ ಕಳ್ಳ. ಆಗಲು ಹೊರಟವನು, ಇನ್ನೂ ಆಗದವನು. ಇವನೇನು ಆಗ್ತಾನೆ ಬಿಡಿ ಎಂಬ ಸಣ್ಣ ಕುಹಕವೂ ಎಷ್ಟೋ ಸಲ ಅದರೊಳಗೆ ಅಡಗಿ ಕೂತಿರುತ್ತದೆ. ಅವರ ಪತ್ರಿಕೆಯಲ್ಲಿ ವುಡ್‌ಬಿ ಕಳ್ಳ ಎಂದು ಬಂದರೆ ಪಾಪ, ಅವನ ಕೈಗೆ ಏನೂ ಹತ್ತಲಿಲ್ಲ ಅಂತಲೇ ತಿಳಿಯಬೇಕು. ನಾವು ನಾಮಪದವನ್ನು ಕತ್ತರಿಸಿ, ಕುಹಕವನ್ನು ತೊಳೆದು, ಉಳಿದದ್ದಕ್ಕೆ ಚಿನ್ನದುಂಗುರ ತೊಡಿಸಿದೆವು. ಗಂಡ ಅನ್ನಲು ನಾಚಿಕೆ, ಹೆಸರು ಹಿಡಿದರೆ ಅಜ್ಜಿ ಗದರುತ್ತಾರೆ. ನಡುವಿನ ಮೂರು ತಿಂಗಳಿಗೆ ಏನಾದರೊಂದು ಬೇಕಿತ್ತಲ್ಲ.

ಕನ್ನಡದಲ್ಲಿ 'ಭಾವಿ' ಇದೆಯಲ್ಲ ಎನ್ನುತ್ತೀರಿ. ನಮ್ಮ ಸೀಮೆಯ ನಾಲಿಗೆಗೆ ಮಹಾಪ್ರಾಣ ಭಾರ. ಭಾವಿ ಅಳಿಯ ಅಂದರೆ ಬಾವಿಗೆ ಬಿದ್ದ ಅಳಿಯ ಅಂದಹಾಗೇ ಕೇಳುತ್ತದೆ. ಚುನಾವಣೆ ಹತ್ತಿರವಾದಾಗ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸಿನಲ್ಲಿ 'ಬಾವಿ ಶಾಸಕರಿಗೆ ಹುಟ್ಟುಹಬ್ಬದ ಶುಭಾಶಯಗಳು' ಎಂದಿದ್ದದ್ದನ್ನು ನಾನೇ ಕಂಡಿದ್ದೇನೆ. ಕೊಳವೆಬಾವಿಗಳೂ ಕೈಕೊಟ್ಟಿರುವ ಕಾಲದಲ್ಲಿ ನಮ್ಮಲ್ಲಿ ತುಂಬಿ ತುಳುಕುವ ಬಾವಿಗಳೆಂದರೆ ಇವೇ.

ಅಂದು ಸಂಜೆ ಕೊರಟಗೆರೆಯಿಂದ ಮಧುಗಿರಿಗೆ ಬಸ್ಸಿನಲ್ಲಿ ನಿಂತು ಬರುವಾಗ ಹೊಳೆಯಿತು: ನಾವೆಲ್ಲ ಬದುಕುತ್ತಿರುವುದೇ ಒಂದು ವುಡ್‌ಬಿ ಜಿಲ್ಲೆಯಲ್ಲಿ! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿಸಿ ಜಿಲ್ಲೆ ಮಾಡುತ್ತಾರಂತೆ ಎಂಬ ಮಾತು ಹಳೆಯದು. ಆ 'ಅಂತೆ'ಗೆ ಈಗ ತಲೆ ನರೆತಿದೆ. ರಾಜ್ಯದ ಜಿಲ್ಲೆಗಳು 31 ಆದವು. ನಮ್ಮದಿನ್ನೂ ಜಾತಕ ನೋಡುವ ಹಂತದಲ್ಲೇ ಇದೆ. ಶಿಕ್ಷಣ ಇಲಾಖೆಯೊಂದು ಮಾತ್ರ ಮುಹೂರ್ತಕ್ಕೆ ಕಾಯದೆ ಸಂಸಾರ ಹೂಡಿದೆ. ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯ ಪಟ್ಟಿಯಲ್ಲಿ ತುಮಕೂರಿಗೆ ಒಂದು ಸಾಲು, ನಮಗೆ ಒಂದು ಸಾಲು. ಅವತ್ತು ನಾವು ಜಿಲ್ಲೆ. ಮರುದಿನ ಜಿಲ್ಲಾಧಿಕಾರಿಗಳ ಸಹಿ ಬೇಕಾದರೆ ಮತ್ತೆ ತುಮಕೂರಿನ ಬಸ್ಸು. ಪಾವಗಡದವರ ಪಾಡಂತೂ ಬೇಡ. ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ, ನಡುವೆ ಆಂಧ್ರ ಬೇರೆ. ಸ್ವಂತ ಜಿಲ್ಲಾ ಕೇಂದ್ರಕ್ಕೆ ಪರರಾಜ್ಯ ಹೊಕ್ಕು ಬರಬೇಕು. ರೈಲಿನಲ್ಲಾದರೂ ಹೋಗೋಣವೆಂದರೆ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾಯಬೇಕಾದ ತುಮಕೂರು–ರಾಯದುರ್ಗ ಮಾರ್ಗಕ್ಕೆ 2007-08ರಲ್ಲೇ ಒಪ್ಪಿಗೆ ಸಿಕ್ಕಿದ್ದು. ಅದೂ ವುಡ್‌ಬಿ.

ಇದನ್ನೆಲ್ಲ ಬೀಗರ ಹತ್ತಿರ ಹೇಳಿಕೊಂಡೆ, ತಪ್ಪಾಯಿತು. ಶಿರಾದವರಿಗೆ ಆಗಬೇಕಾದ್ದಕ್ಕಿಂತ ಆಗಿಹೋದದ್ದರ ಗತ್ತು ಜಾಸ್ತಿ. "ಸ್ವಾಮಿ, 1687ರಲ್ಲೇ ಮೊಗಲರು ನಮ್ಮೂರನ್ನು ಸುಬೆಯ ರಾಜಧಾನಿ ಮಾಡಿದ್ರು. ಖಾಸಿಂ ಖಾನ್ ಬೆಂಗಳೂರನ್ನ 3 ಲಕ್ಷಕ್ಕೆ ಮೈಸೂರಿನವರಿಗೆ ಕೊಟ್ಟು ಶಿರಾನ ಇಟ್ಕೊಂಡ. ಜಿಲ್ಲೆ ಆಗೋದಾದ್ರೆ ಶಿರಾ ಹೆಸರಲ್ಲೇ ಆಗ್ಲಿ" ಅಂದರು. ಬೆಂಗಳೂರನ್ನು ಮಾರಿ ಶಿರಾ ಉಳಿಸಿಕೊಂಡ ಆ ಪುಣ್ಯಾತ್ಮನ ವ್ಯವಹಾರಜ್ಞಾನದ ಬಗ್ಗೆ ನನಗೆ ಹೇಳುವುದಿತ್ತು. ಹೆಣ್ಣಿನ ಕಡೆಯವನು, ನುಂಗಿಕೊಂಡೆ. ಆದರೂ ಬಾಯಿ ತಡೆಯದೆ, 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಳ್ಳುವ ಮುಂಚೆ ಮೈಸೂರಿನ ಆರು ಫೌಜುದಾರಿಗಳಲ್ಲಿ ನಮ್ಮ ಮದ್ದಗಿರಿಯೂ ಒಂದಾಗಿತ್ತು ಅಂದೆ. "ಮದ್ದಗಿರಿ ಎಲ್ಲಿ ಬರುತ್ತೆ?" ಎಂದರು ಬೀಗರು. 1927ರಲ್ಲಿ ಹೆಸರು ಬದಲಾಗಿ ಮಧುಗಿರಿ ಆದದ್ದನ್ನು ವಿವರಿಸುವಷ್ಟರಲ್ಲಿ ಅವರು ಮಜ್ಜಿಗೆ ಕುಡಿಯಲು ಎದ್ದಿದ್ದರು.

ಲಗ್ನಪತ್ರಿಕೆಯ ಕರಡು ಬಂದಾಗ ನಮ್ಮಣ್ಣನ ಮಗ ಛತ್ರದ ವಿಳಾಸದ ಕೆಳಗೆ 'ಮಧುಗಿರಿ ಜಿಲ್ಲೆ' ಎಂದು ಟೈಪು ಮಾಡಿಸಿದ್ದ. ಬೀಗರು ಒಪ್ಪಲಿಲ್ಲ. 'ಉದ್ದೇಶಿತ ಮಧುಗಿರಿ ಜಿಲ್ಲೆ' ಎಂದರೆ? ಮದುವೆಯೂ ಉದ್ದೇಶಿತ ಅಂದುಕೊಂಡಾರು ಎಂದು ಅತ್ತಿಗೆ ಹೆದರಿದರು. ಕೊನೆಗೆ ಪಿನ್‌ಕೋಡ್ ಹಾಕಿ, ಜಿಲ್ಲೆಯ ಜಾಗ ಖಾಲಿ ಬಿಟ್ಟೆವು. ದೊಡ್ಡಮ್ಮ ಕನ್ನಡಕ ಏರಿಸಿ ಪತ್ರಿಕೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, "ಉಡುಪಿ ಅಂತ ಎಲ್ಲೂ ಹಾಕೇ ಇಲ್ವಲ್ಲೋ" ಎಂದರು.

ಮದುವೆ ವೈಶಾಖದಲ್ಲಿ, ಮಧುಗಿರಿಯಲ್ಲೇ. ಪಾವಗಡದಿಂದ ಬರುವವರು ಆಂಧ್ರ ದಾಟಿ ಬರಬೇಕು, ಸ್ವಲ್ಪ ಬೇಗ ಹೊರಡಿ.