ಪ್ಲ್ಯಾನ್ ಮಾಮಾ

ಊರಿಗೊಬ್ಬ ಪ್ಲ್ಯಾನ್ ಹಾಕುವವ ಇದ್ದೇ ಇರುತ್ತಾನೆ. ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆಯ ಹಾಳೆ, ಬಾಯಲ್ಲಿ ‘ಹಂಗಲ್ರೀ, ಮೊದ್ಲ ಕೇಳ್ರಿ’. ಮದುವೆ ಮನೆಯಲ್ಲಿ ಅಕ್ಷತೆ ಬೀಳುವ ಮೊದಲೇ ವಾಪಸ್ ಬಸ್ಸಿನ ಹೊತ್ತು ಹೇಳುತ್ತಾನೆ. ಆಸ್ಪತ್ರೆಗೆ ನೋಡಲು ಬಂದರೆ ಡಿಸ್ಚಾರ್ಜ್ ದಿನ ಗೊತ್ತು ಮಾಡಿ ಹೋಗುತ್ತಾನೆ.

ನನ್ನ ಪಾಲಿಗೆ ಬಂದವರು ಹೆಂಡತಿಯ ಸೋದರಮಾವ. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಭತ್ತದ ಚೀಲದ ಲೆಕ್ಕ ಬರೆದು ನಿವೃತ್ತರಾದವರು. ಎಣಿಸುವ ಕೈ ಸುಮ್ಮನಿರುವುದೇ? ಕರಡಿಗೆ ಕೈ ಹಾಕಿದರು.

ಹೊಳೆಯಾಚೆ, ಕಮಲಾಪುರದ ಹತ್ತಿರ ದರೋಜಿ ಕರಡಿಧಾಮ ಇದೆ. 1994ರಲ್ಲಿ ಆದದ್ದು. ಎಲ್ಲೆಲ್ಲಿಂದಲೋ ಬಂದವರು ಮೊಳದುದ್ದದ ಕ್ಯಾಮೆರಾ ಹಿಡಿದು ನೋಡಿ ಹೋಗುತ್ತಾರೆ. ನಮಗೆ ಅಲ್ಲಿಗೆ ಹೋಗಿ ಬರಲು ಒಂದು ಮಧ್ಯಾಹ್ನ ಸಾಕು. ಮಾಮಾಗೆ ಮಾತ್ರ ಒಂದು ಬೇಸಿಗೆ ಪೂರ್ತಿ ಬೇಕಾಯಿತು.

“ಕಂಪ್ಲಿ ಮ್ಯಾಲೆ ಹೋಗೋಣ್ರಿ ಮಾಮಾ” ಎಂದೆ.

“ಅಳ್ಯಾರ, ಡ್ಯಾಮಿನ ನೀರು ಬಿಟ್ರ ಆ ಸೇತುವಿ ಮುಳುಗತೈತಿ. ವಾಪಸ್ ಹೆಂಗ ಬರ್ತೀರಿ?”

“ಈಗ ಏಪ್ರಿಲ್ರೀ. ಹೊಳ್ಯಾಗ ಎಮ್ಮಿ ಮೈ ತೊಳ್ಯಾಕ ನೀರಿಲ್ಲ.”

“ಪ್ಲ್ಯಾನ್ ಅಂದ್ರ ಎಲ್ಲಾ ವಿಚಾರ ಮಾಡಬೇಕ್ರಿ.”

“ಹಂಗಾರ ಕಡೇಬಾಗಿಲು ದಾಟಿ ಬುಕ್ಕಸಾಗರದ ಸೇತುವಿ?”

ಅದಕ್ಕೆ 2009ರಲ್ಲಿ ಕಟ್ಟುವಾಗಲೇ ಕುಸಿದ ಆನೆಗುಂದಿ ಸೇತುವೆಯ ಕತೆ ತೆಗೆದರು. ಅದು ಬೇರೆ ಸೇತುವೆ ಎಂದು ನಾನು ಬಡಕೊಂಡೆ. “ಹೊಳಿ ಒಂದ ಅಲ್ಲೇನ್ರಿ?” ಎಂದರು. ಕೊನೆಗೆ ಮುನಿರಾಬಾದ್, ಹೊಸಪೇಟೆ ಸುತ್ತಿಕೊಂಡು ಹೋಗುವುದೆಂದಾಯಿತು. ಕ್ರೂಸರ್ ಗಾಡಿಯವನಿಗೆ ಅದರಿಂದ ಆನಂದವೇ ಆಯಿತು.

ಮುಂದಿನದು ಬುತ್ತಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಗೆ ಒಪ್ಪಿಗೆ ಸಿಕ್ಕಿತು. ಎಣ್ಣೆಗಾಯಿಗೆ ಮಾತ್ರ ತಡೆ: “ವಾಸನಿಗೆ ಕರಡಿ ಬಂದ್ರ?”

ಅತ್ತಿ ಲಟ್ಟಣಿಗೆ ಕೆಳಗಿಟ್ಟರು. “ಬರ್ಲಿ ಅಂತ ಅಲ್ಲೇನು ನೀವು ಹೊಂಟಿದ್ದು?”

ಅಂತೂ ಹೋದೆವು. ವೀಕ್ಷಣಾ ಗೋಪುರದ ಎದುರಿಗೆ ಗುಡ್ಡ, ಗುಡ್ಡದ ತುಂಬ ಬಂಡೆಗಲ್ಲು, ಅವುಗಳ ಸಂದಿಯಲ್ಲಿ ಗವಿ. ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಬಳಿದು ಹೋದರು. ಮಾಮಾನ ಹಾಳೆಯಲ್ಲಿ ‘3.40 ಕರಡಿ, 4.10 ಚಾ’ ಎಂದಿತ್ತು. ನವಿಲು ಬಂತು. ಮುಂಗುಸಿ ಬಂದು ಬೆಲ್ಲ ನೆಕ್ಕಿತು. ಮಾಮಾ ಪಿಸುಗುಟ್ಟುತ್ತಿದ್ದರು: ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಗೆದ್ದಲನ್ನು ಎಳೆದುಕೊಳ್ಳುತ್ತದೆ, ಆಗ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಅವರ ಪಿಸುಮಾತು ಗುಡ್ಡಕ್ಕೂ ಕೇಳುವಷ್ಟಿತ್ತು.

4.10ಕ್ಕೆ ಸರಿಯಾಗಿ ಎದ್ದರು. “ಕರಡಿ ಟೈಮ್ ಮುಗೀತ್ರಿ.”

ಕಮಲಾಪುರದಲ್ಲಿ ಚಾ ಹೀರುತ್ತಿದ್ದಾಗ, ಗೋಪುರದಲ್ಲಿ ಉಳಿದಿದ್ದವರೂ ಅದೇ ಅಂಗಡಿಗೆ ಬಂದು ಫೋಟೋ ತೋರಿಸಿದರು. ತಾಯಿ ಕರಡಿ, ಬೆನ್ನ ಮೇಲೆ ಎರಡು ಮರಿ. ಮಾಮಾ ಕನ್ನಡಕ ಏರಿಸಿ ನೋಡಿದರು, ಹಾಳೆ ಬಿಚ್ಚಿ ಷರಾ ಬರೆದರು: ‘ಕರಡಿ ತಡವಾಗಿ ಬಂತು.’

ಆ ಹೊತ್ತಿಗೆ ಅವರನ್ನು ಅಲ್ಲೇ ಬಿಟ್ಟು ಬರಬೇಕೆನ್ನಿಸಿದ್ದು ನಿಜ. ಆದರೆ ಆ ಹಾಳೆ ಇರದಿದ್ದರೆ ನಾನು ಹೊಳೆ ದಾಟುತ್ತಲೇ ಇರಲಿಲ್ಲ. ನನ್ನ ಯೋಜನೆಗಳೆಲ್ಲ ‘ಮುಂದಿನ ರವಿವಾರ ನೋಡೋಣ’ ಎಂಬಲ್ಲಿಗೆ ಮುಗಿಯುತ್ತವೆ. ಇದು ಕಿಷ್ಕಿಂಧೆ ಎಂದು ಹೆಮ್ಮೆಪಡುತ್ತೇವೆ, ಅಂಜನಾದ್ರಿಯ ಮೆಟ್ಟಿಲು ಹತ್ತಿ ಹನುಮನಿಗೆ ಕಾಯಿ ಒಡೆಯುತ್ತೇವೆ. ಜಾಂಬವಂತನ ಮೊಮ್ಮಕ್ಕಳು ಆಚೆ ದಂಡೆಯಲ್ಲಿ ಗೆದ್ದಲು ಹೀರಿಕೊಂಡು ಬದುಕಿರುವುದು ನೆನಪಾಗುವುದಿಲ್ಲ. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಣ್ಣು ಭತ್ತದ ಹಸಿರಿಗೆ ಅಂಟಿಕೊಂಡಿತು. ಕಲ್ಲುಗುಡ್ಡ ಕಂಡರೆ ಜಲ್ಲಿಯ ರೇಟು, ಕುಷ್ಟಗಿ ಕಡೆ ಹೋದರೆ ಗ್ರಾನೈಟಿನ ರೇಟು ನೆನಪಾಗುತ್ತದೆ. ಬಂಡೆ ಒಡೆದರೆ ಗವಿ ಹೋಗುತ್ತದೆ, ಗವಿ ಹೋದರೆ ಕರಡಿ ಕಬ್ಬಿನ ಹೊಲಕ್ಕೆ ಇಳಿಯುತ್ತದೆ, ಆಮೇಲೆ ಕರಡಿ ಹಾವಳಿ ಎಂದು ನಾವೇ ಕೂಗುತ್ತೇವೆ. ಬರಡು ಗುಡ್ಡದಲ್ಲೂ ಒಂದು ಸಂಸಾರವಿದೆ ಎಂದು ತಿಳಿದು, ಅದರ ಭೇಟಿಗೆ ಹೊತ್ತು ಗೊತ್ತು ಮಾಡುವ ಮನುಷ್ಯ ನಮ್ಮ ಓಣಿಯಲ್ಲಿ ಮಾಮಾ ಒಬ್ಬರೇ.

ಈಗ ಬಂಕಾಪುರದ ತೋಳಧಾಮದ ಹಾಳೆ ತಯಾರಾಗುತ್ತಿದೆ. ಅದು ನಮ್ಮ ತಾಲೂಕಿನದೇ, ಮುನ್ನೂರು ಹೆಕ್ಟೇರಿಗೂ ಹೆಚ್ಚಿನ ಕುರುಚಲು ಬಯಲು. ಹೊಳೆ ದಾಟುವ ಪ್ರಶ್ನೆಯೇ ಇಲ್ಲವೆಂದು ನಾನು ನಿಟ್ಟುಸಿರುಬಿಟ್ಟೆ. ಮಾಮಾ ಪೆನ್ನು ಕಚ್ಚಿದರು.

“ತೋಳ ನಸುಕಿನ್ಯಾಗ ತಿರುಗತಾವ್ರಿ. ಹಂಗಾರ ರೊಟ್ಟಿ ಎಷ್ಟೊತ್ತಿಗೆ ಬಡೀಬೇಕು?”

ಒಳಗಿನಿಂದ ಅತ್ತಿಯ ದನಿ ಬಂತು: “ಮೊದ್ಲ ತೋಳಕ್ಕ ಟೈಮ್ ಹೇಳಿ ಕಳಸ್ರಿ. ಅದು ಹ್ಞೂಂ ಅಂದ ಮ್ಯಾಲೆ ನಾ ಹಿಟ್ಟು ನಾದ್ತೀನಿ.”